ಬಾಡಿಗೆ ಮನೆಯಲ್ಲಿ ಧೂಮಪಾನ ನಿಷೇಧ: ಬಾಯಿಮಾತು ಸಾಲದು, ಕರಾರಿನಲ್ಲಿ ಬರೆಸಿ

ಮನೆ ಬಾಡಿಗೆಗೆ ಕೊಡುವಾಗ 'ಸಿಗರೇಟ್ ಅಭ್ಯಾಸ ಇದೆಯಾ?' ಎಂದು ಕೇಳದ ಮಾಲೀಕರು ಕಡಿಮೆ. 'ಇಲ್ಲ' ಎಂಬ ಉತ್ತರ ಬಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಕರಾರು ಪತ್ರದಲ್ಲಿ ಈ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮುಂದೊಂದು ದಿನ ಮೇಲಿನ ಮನೆಯವರು ಹೊಗೆಯ ಬಗ್ಗೆ ದೂರು ತಂದಾಗ ಮಾಲೀಕರ ಬಳಿ ತೋರಿಸಲು ಕಾಗದವೇ ಇರುವುದಿಲ್ಲ.

ಸರ್ಕಾರದ ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಫ್ಲ್ಯಾಟ್‌ನ ಬಾಗಿಲಲ್ಲೇ ನಿಲ್ಲುತ್ತದೆ. ಮುಂಬೈನ ರಾಜಕಾರಣಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯುವಂತೆ ಆದೇಶಿಸಿತು. 2003ರಲ್ಲಿ ಕೋಟ್ಪಾ ಕಾಯ್ದೆ ಬಂತು, 2008ರ ಅಕ್ಟೋಬರ್ 2ರಿಂದ ನಿಯಮ ಇನ್ನಷ್ಟು ಬಿಗಿಯಾಯಿತು. ಕೇಂದ್ರ ಕಾಯ್ದೆಯಲ್ಲಿ ದಂಡ 200 ರೂಪಾಯಿವರೆಗೆ, ಕರ್ನಾಟಕ ತಿದ್ದುಪಡಿ ತಂದು ಅದನ್ನು 1,000 ರೂಪಾಯಿವರೆಗೆ ಏರಿಸಿದೆ. ಇದೆಲ್ಲ ಜನ ಬಂದುಹೋಗುವ ಜಾಗಗಳಿಗೆ. ಖಾಸಗಿ ಮನೆಯೊಳಗೆ ಸೇದುವವರನ್ನು ಈ ಕಾಯ್ದೆ ತಡೆಯುವುದಿಲ್ಲ.

ಹೊಗೆ ಮಾತ್ರ ಬಾಗಿಲಲ್ಲಿ ನಿಲ್ಲುವುದಿಲ್ಲ. ಬಾಗಿಲ ಸಂದು, ಬಾತ್‌ರೂಮಿನ ಡಕ್ಟ್, ವೈರಿಂಗ್ ಪೈಪು, ಕಿಟಕಿ ಎಲ್ಲವೂ ಅದಕ್ಕೆ ದಾರಿಯೇ. ಕಟ್ಟಡಕ್ಕೆ ಗಾಳಿಯಾಡುವ ವ್ಯವಸ್ಥೆ ಮಾಡಿದ ಮಾತ್ರಕ್ಕೆ ಸೇದದವರನ್ನು ಇತರರ ಹೊಗೆಯಿಂದ ಪೂರ್ತಿ ಕಾಪಾಡಲಾಗದು ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿಯೇ ಹೇಳಿದೆ. ಊದುಬತ್ತಿ ಹಚ್ಚಿದರೆ ವಾಸನೆ ಮರೆಯಾಗಬಹುದು, ಜೊತೆಗೆ ಇನ್ನಷ್ಟು ಹೊಗೆ ಸೇರುತ್ತದೆ ಅಷ್ಟೆ!

<b>ಅಮೆರಿಕ ಮಾಡಿದ್ದೇನು?</b>

ಕಡಿಮೆ ಆದಾಯದವರಿಗಾಗಿ ಸರ್ಕಾರವೇ ಬಾಡಿಗೆಗೆ ಕೊಡುವ ವಸತಿಗಳಲ್ಲಿ ಧೂಮಪಾನ ನಿಷೇಧಿಸುವ ನಿಯಮವನ್ನು ಅಮೆರಿಕದ ವಸತಿ ಇಲಾಖೆ 2016ರ ಕೊನೆಯಲ್ಲಿ ಹೊರಡಿಸಿತು. ಜಾರಿಗೆ 2018ರ ಜುಲೈ 31ರವರೆಗೆ ಸಮಯ ಕೊಟ್ಟಿತು. ಮನೆಯೊಳಗಷ್ಟೇ ಅಲ್ಲ, ಕಟ್ಟಡದಿಂದ 25 ಅಡಿಯೊಳಗೂ ಸೇದುವಂತಿಲ್ಲ. ಗಮನಿಸಬೇಕಾದ ಅಂಶ ಇನ್ನೊಂದಿದೆ. ಸಿಗರೇಟ್ ಸೇದುವವರಿಗೆ ಮನೆ ಇಲ್ಲ ಎಂದು ಆ ನಿಯಮ ಹೇಳಲಿಲ್ಲ, ಅಲ್ಲಿ ಸೇದಬೇಡಿ ಎಂದಿತು. ನಮ್ಮ ಮಾಲೀಕರು ಹಿಡಿಯಬೇಕಾದ ದಾರಿಯೂ ಇದೇ. ಅಭ್ಯಾಸ ಕೇಳಿ ಮನೆ ನಿರಾಕರಿಸಿದರೆ ಬಾಡಿಗೆದಾರರು ಸುಳ್ಳು ಹೇಳುವುದನ್ನು ಕಲಿಯುತ್ತಾರೆ, ಹೊಗೆ ಹಾಗೇ ಉಳಿಯುತ್ತದೆ.

<b>ಕರಾರಿನಲ್ಲಿ ಏನಿರಬೇಕು?</b>

'ಧೂಮಪಾನ ನಿಷಿದ್ಧ' ಎಂಬ ಎರಡು ಪದ ಸಾಲದು. ಬಾಲ್ಕನಿ ಮನೆಯೊಳಗೋ ಹೊರಗೋ ಎಂಬಲ್ಲೇ ಜಗಳ ಶುರುವಾಗುತ್ತದೆ. ಅಲ್ಲಿ ಸೇದಿದ ಹೊಗೆ ನೇರವಾಗಿ ಮೇಲಿನ ಮನೆಯ ಕಿಟಕಿಗೆ ಹೋಗುವುದರಿಂದ ಬಾಲ್ಕನಿಯನ್ನು ಹೆಸರಿಸಿಯೇ ಬರೆಸಿ. ಸಿಗರೇಟ್ ಜೊತೆ ಬೀಡಿ, ಹುಕ್ಕಾ, ಇ-ಸಿಗರೇಟ್ ಸೇರಲಿ. ಬಾಡಿಗೆದಾರರ ಮನೆಗೆ ಬರುವ ಅತಿಥಿಗಳಿಗೂ ಇದು ಅನ್ವಯ ಎಂಬ ಮಾತು ಇರಲಿ. ವಾರಾಂತ್ಯದಲ್ಲಿ ಬಂದ ಸ್ನೇಹಿತರ ಮೇಲೆ ಹಾಕಿ ಜಾರಿಕೊಳ್ಳುವುದು ಸಾಮಾನ್ಯ.

ನಿಯಮ ಮುರಿದರೆ ಏನು? ಮೊದಲು ಲಿಖಿತ ಎಚ್ಚರಿಕೆ, ಮುಂದುವರಿದರೆ ಕರಾರು ರದ್ದತಿಗೆ ನೋಟಿಸ್ ಎಂದು ಹಂತಗಳನ್ನು ಬರೆಯುವುದು ಒಳ್ಳೆಯದು. 'ಒಂದು ಸಿಗರೇಟಿಗೆ ಹತ್ತು ಸಾವಿರ ದಂಡ' ಎಂದು ಬರೆದುಕೊಂಡರೆ ಕೋರ್ಟಿನಲ್ಲಿ ಅಷ್ಟೂ ಸಿಗುತ್ತದೆ ಎಂದುಕೊಳ್ಳಬೇಡಿ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ. ಗೋಡೆಗೆ ಹಿಡಿದ ಹಳದಿ ಕಲೆ ತೆಗೆಸಿ ಬಣ್ಣ ಹೊಡೆಸಿದ ಖರ್ಚನ್ನು ರಸೀದಿ ತೋರಿಸಿ ಡಿಪಾಸಿಟ್‌ನಿಂದ ಕಳೆಯುವುದಾಗಿ ಬರೆಸಿದರೆ ಅದು ನಿಲ್ಲುವ ಮಾತು. ಕೀಲಿ ಕೊಡುವ ದಿನವೇ ಗೋಡೆ, ಪರದೆಗಳ ಫೋಟೋ ತೆಗೆದಿಟ್ಟುಕೊಂಡರೆ ಇಬ್ಬರಿಗೂ ಕ್ಷೇಮ.

ಈಗಾಗಲೇ ಇರುವ ಬಾಡಿಗೆದಾರರ ಮೇಲೆ ಮಧ್ಯದಲ್ಲಿ ಹೊಸ ಷರತ್ತು ಹೇರುವಂತಿಲ್ಲ. ಅವರು ಒಪ್ಪಬೇಕು, ಇಲ್ಲವೇ 11 ತಿಂಗಳ ಕರಾರು ನವೀಕರಿಸುವವರೆಗೆ ಕಾಯಬೇಕು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರಿನ ನೋಂದಣಿ ಕಡ್ಡಾಯ. ಆದ್ದರಿಂದ ಏಜೆಂಟ್ ಕರಡು ತಂದಾಗಲೇ ಈ ಷರತ್ತು ಇದೆಯೇ ಎಂದು ನೋಡಿಕೊಳ್ಳಿ.

ಪಕ್ಕದ ಫ್ಲ್ಯಾಟಿನಲ್ಲಿ ಮಾಲೀಕರೇ ವಾಸವಿದ್ದು ಸೇದುತ್ತಿದ್ದರೆ ನಿಮ್ಮ ಕರಾರು ಅವರನ್ನು ಕಟ್ಟಿಹಾಕದು. ಆಗ ವಿಷಯವನ್ನು ಸೊಸೈಟಿಯ ಸಾಮಾನ್ಯ ಸಭೆಗೆ ಒಯ್ಯಬೇಕು. ಲಿಫ್ಟ್, ಮೆಟ್ಟಿಲು, ಟೆರೇಸ್‌ಗಳಿಂದ ಶುರು ಮಾಡಿದರೆ ಒಪ್ಪಿಗೆ ಬೇಗ ಸಿಗುತ್ತದೆ. ಅಸ್ತಮಾ ಇರುವ ಮಗುವಿನೊಂದಿಗೆ ಬಾಡಿಗೆ ಮನೆ ಹುಡುಕುತ್ತಿರುವವರು ಇದಕ್ಕೆಲ್ಲ ಕಾಯದೆ, ಅಡ್ವಾನ್ಸ್ ಕೊಡುವ ಮುನ್ನವೇ ಸಂಜೆ ಹೊತ್ತಿನಲ್ಲಿ ಒಮ್ಮೆ ಆ ಮನೆಗೆ ಹೋಗಿ ಬಾತ್‌ರೂಮಿನ ಕಿಟಕಿ ತೆರೆದು ನೋಡುವುದು ಒಳಿತು.