ಮುಸುಕಿನ ಜೋಳದ ಪೈರೂ ಖನಿಜ ಗೊಬ್ಬರವೂ

ಪಟ್ಟಣದಲ್ಲಿ ವಾಸಮಾಡುವ ನಮಗೆ ಗೊಬ್ಬರದ ವಿಚಾರವೇಕೆಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ನಮ್ಮಲ್ಲಿ ಎಷ್ಟೋ ಮಂದಿಗೆ ಸ್ವಂತ ಊರಿನಲ್ಲಿ ಜಮೀನುಂಟು. ಜಮೀನಿಲ್ಲದವರೂ ಮುಸುಕಿನ ಜೋಳದ ಋಣದಿಂದ ಪಾರಾದವರಲ್ಲ. ಕೋಳಿಯ ಆಹಾರದಲ್ಲಿ ಬಹುಭಾಗ ಈ ಧಾನ್ಯವೇ. ಬಟ್ಟೆಯ ಗಂಜಿಗೂ ಔಷಧದ ಗುಳಿಗೆಗೂ ಇದರ ಪಿಷ್ಟವು ಬೇಕು. ದಾವಣಗೆರೆ, ಹಾವೇರಿಗಳ ಕಡೆ ಅನೇಕ ಸಂಸಾರಗಳ ವರ್ಷದ ಲೆಕ್ಕವೆಲ್ಲ ಇದರ ತೆನೆಯನ್ನೇ ನೆಚ್ಚಿದೆ. ಅಲ್ಲಿ ಗೊಬ್ಬರಕ್ಕೆ ಸುರಿದ ಹಣ ಫಲಿಸದೆ ಹೋದರೆ ಅದು ಸಣ್ಣ ನಷ್ಟವಲ್ಲ.

ಪೈರು ಹಳದಿಯಾದರೆ ಯೂರಿಯಾ ಹಾಕಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಇದು ಎಲ್ಲ ಕಾಲಕ್ಕೂ ನಿಜವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್, ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞರು ಒಂದು ನಿಯಮವನ್ನು ಪ್ರತಿಪಾದಿಸಿದರು: ಗಿಡಕ್ಕೆ ಬೇಕಾದ ದ್ರವ್ಯಗಳಲ್ಲಿ ಯಾವುದು ಅಗತ್ಯಕ್ಕೆ ಅತ್ಯಂತ ಕೊರತೆಯಾಗಿರುವುದೋ, ಅದೇ ಬೆಳೆಯ ಮಿತಿಯನ್ನು ಗೊತ್ತುಮಾಡುತ್ತದೆ. ಸಾರಿಗೆ ಉಪ್ಪು ಸಾಲದಾಗ ಬೇಳೆಯನ್ನು ಇಮ್ಮಡಿ ಹಾಕಿದರೆ ರುಚಿ ಬಂದೀತೆ? ಹೊಲದ ನ್ಯಾಯವೂ ಇದೇ.

ಈ ಪೈರಿನ ಉಪ್ಪು ಯಾವುದೆಂದರೆ, ಬಹುಮಟ್ಟಿಗೆ ಸತು. ಹೆಕ್ಟೇರಿಗೆ ಆರು ಟನ್ನು ಕಾಳು ಕೊಡುವ ಬೆಳೆಯು ನೂರು ಕಿಲೊಗೂ ಮೀರಿ ಸಾರಜನಕವನ್ನು ಹೀರುತ್ತದೆ. ಸತುವು ಅರ್ಧ ಕಿಲೊವನ್ನೂ ಮುಟ್ಟದು. ಆದರೂ ಅದಿಲ್ಲದೆ ಪೈರು ಬೆಳೆಯದೆಂಬುದನ್ನು 1915ರ ಸುಮಾರಿಗೆ ಫ್ರಾನ್ಸಿನ ಮಾಝೆ ಎಂಬ ವಿಜ್ಞಾನಿಯು ಮುಸುಕಿನ ಜೋಳದ ಮೇಲೆಯೇ ತೋರಿಸಿದನು.

ಕೊರತೆಯನ್ನು ಗುರುತಿಸುವುದು ಹೇಗೆ? ಎಲೆಗಳೇ ಹೇಳುತ್ತವೆ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆಗಳು ತುದಿಯಿಂದ ಮೊದಲಾಗಿ ನಡುನರದ ಗುಂಟ ಹಳದಿಗಟ್ಟುವುವು. ಪೊಟ್ಯಾಷ್ ಸಾಲದಿದ್ದರೆ ಅವೇ ಎಲೆಗಳ ಅಂಚು ಸುಟ್ಟಂತಾಗುವುದು. ರಂಜಕದ ಅಭಾವದಿಂದ ಎಳೆಯ ಪೈರಿಗೆ ನೇರಿಳೆ ಬಣ್ಣ ಬರುವುದು. ಸತುವಿನ ಕೊರತೆ ಮಾತ್ರ ಮೇಲಿನ ಎಳೆಯ ಎಲೆಗಳಲ್ಲಿ ಕಾಣುವುದು: ನಡುನರವೂ ಅಂಚೂ ಹಸುರಾಗಿಯೇ ಇದ್ದು, ಅವುಗಳ ನಡುವೆ ಬುಡದ ಕಡೆ ಬೆಳ್ಳನೆಯ ಪಟ್ಟೆ ಮೂಡುವುದು, ಗೆಣ್ಣುಗಳ ಅಂತರ ಕುಗ್ಗಿ ಗಿಡವು ಗಿಡ್ಡಾಗುವುದು. ಗಿಡವು ಹಳೆಯ ಎಲೆಯ ಸಾರಜನಕವನ್ನು ಹಿಂದಕ್ಕೆ ಪಡೆದು ಕುಡಿಗೆ ಕಳುಹಿಸಬಲ್ಲುದು. ಸತುವನ್ನು ಅಷ್ಟು ಸುಲಭವಾಗಿ ಸಾಗಿಸಲಾರದು. ಆದುದರಿಂದ ಕುಡಿಯೇ ಮೊದಲು ಸೊರಗುತ್ತದೆ.

ಸುಣ್ಣದಂಶ ಹೆಚ್ಚಿದ ಕಪ್ಪು ಭೂಮಿಯಲ್ಲಿಯೂ, ಕೊಟ್ಟಿಗೆ ಗೊಬ್ಬರ ಕಾಣದ ಹೊಲದಲ್ಲಿಯೂ, ರಂಜಕವನ್ನು ಮಿತಿಮೀರಿ ಹಾಕಿದೆಡೆಯಲ್ಲಿಯೂ ಈ ತೊಂದರೆ ಹೆಚ್ಚು. ಪರಿಹಾರ ಸುಲಭ. ಹೆಕ್ಟೇರಿಗೆ 25 ಕಿಲೊ, ಎಂದರೆ ಎಕರೆಗೆ 10 ಕಿಲೊ, ಸತುವಿನ ಸಲ್ಫೇಟನ್ನು ಬಿತ್ತನೆಗೆ ಮುಂಚೆ ಮಣ್ಣಿಗೆ ಸೇರಿಸುವುದು ವಾಡಿಕೆ. ಪ್ರತಿ ವರ್ಷವೂ ಹಾಕಬೇಕಾಗಿಲ್ಲ. ರಂಜಕದ ಗೊಬ್ಬರದೊಡನೆ ಇದನ್ನು ಬೆರಸಕೂಡದು. ಎರಡೂ ಕೂಡಿ ಕರಗದ ವಸ್ತುವಾಗಿ ಬೇರಿಗೆ ದಕ್ಕದೆ ಹೋಗುವುವು. ನಿಂತ ಪೈರಿಗಾದರೆ ಲೀಟರು ನೀರಿಗೆ 5 ಗ್ರಾಂ ಸಲ್ಫೇಟನ್ನೂ 2.5 ಗ್ರಾಂ ಸುಣ್ಣವನ್ನೂ ಕೂಡಿಸಿ ಸಿಂಪಡಿಸುವರು. ಸುಣ್ಣವಿಲ್ಲದಿದ್ದರೆ ಎಲೆ ಸುಡುವ ಭಯವುಂಟು.

ಹೀಗೆಂದು ಎಲ್ಲ ಹೊಲಕ್ಕೂ ಸತುವನ್ನೇ ಸುರಿಯಬೇಕೆಂದು ನಾವು ಹೇಳುತ್ತಿಲ್ಲ. ಅದು ಯೂರಿಯಾದ ಹಳೆಯ ತಪ್ಪನ್ನೇ ಹೊಸ ಹೆಸರಿನಲ್ಲಿ ಮಾಡಿದಂತಾದೀತು. ಕರ್ನಾಟಕದಲ್ಲಿ 2009ರಲ್ಲಿ ಪ್ರಾರಂಭವಾದ ಭೂಚೇತನ ಯೋಜನೆಯು ಮೊದಲು ಮಣ್ಣನ್ನು ಪರೀಕ್ಷಿಸಿ, ಸತು, ಬೋರಾನ್, ಗಂಧಕಗಳ ಕೊರತೆ ಎಲ್ಲೆಲ್ಲಿ ಉಂಟೆಂದು ತಿಳಿದು, ಬಳಿಕ ಗೊಬ್ಬರವನ್ನು ಸೂಚಿಸಿತು. ಕ್ರಮವೆಂದರೆ ಇದೇ. ಜಮೀನುಳ್ಳ ಶ್ರೋತೃಗಳು ಗೊಬ್ಬರದ ಚೀಲಕ್ಕೆ ಹಣ ಕೊಡುವ ಮುನ್ನ, ಹೊಲದ ಹತ್ತಾರು ಕಡೆಯ ಮಣ್ಣನ್ನು ಬೆರಸಿ, ಅದರಲ್ಲಿ ಅರ್ಧ ಕಿಲೊವನ್ನು ಪರೀಕ್ಷೆಗೆ ಕಳುಹಿಸಲಿ. ಭೂಮಿಗೆ ಏನು ಬೇಕೆಂಬುದನ್ನು ಭೂಮಿಯನ್ನೇ ಕೇಳುವುದು ಲೇಸು.