ಗಾಡಿಯವನ ಜೇಬಿಗೂ ಎಟುಕಿದ ತಿರುಚ್ಚಿ ಚುಟ್ಟಾ

1887ರಲ್ಲಿ ಪ್ರಕಟವಾದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸ್ ಕೊಲೆ ನಡೆದ ಕೋಣೆಯ ನೆಲದಿಂದ ಚಿಟಿಕೆ ಬೂದಿ ಬಳಿದು ತೆಗೆಯುತ್ತಾನೆ. ಅದರ ಕಪ್ಪು ಬಣ್ಣ, ಉದುರುವ ರೀತಿ ನೋಡಿ ಇದು ತಿರುಚಿನಾಪಳ್ಳಿ ಸಿಗಾರಿನದೇ ಎಂದು ಹೇಳಿಬಿಡುತ್ತಾನೆ. ಪತ್ತೇದಾರನ ಜಾಣ್ಮೆಗೆ ಎಲ್ಲರೂ ತಲೆದೂಗುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಆ ಕೊಲೆಗಾರನ ಕಸುಬು. ಅವನು ಲಂಡನ್ನಿನಲ್ಲಿ ಬಾಡಿಗೆ ಕುದುರೆಗಾಡಿ ಹೊಡೆಯುತ್ತಿದ್ದವನು. ಕಾವೇರಿ ದಂಡೆಯ ಊರಿನ ಹೆಸರು ಹೊತ್ತ ಸಿಗಾರು ಅಂಥವನ ಬೆರಳ ಸಂದಿಯಲ್ಲಿದ್ದರೂ ಓದುಗರಿಗೆ ಅಸಹಜ ಅನ್ನಿಸಲಿಲ್ಲ. ಅಗ್ಗದ ಮಾಲಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ಆ ತಿರುಚಿನಾಪಳ್ಳಿಯ, ಅಂದರೆ ಈಗಿನ ತಿರುಚ್ಚಿಯ ಚುಟ್ಟಾ ಕಸುಬು ನೆಲೆನಿಂತದ್ದು ಉರೈಯೂರಿನಲ್ಲಿ. ಒಂದು ಕಾಲಕ್ಕೆ ಚೋಳರ ರಾಜಧಾನಿ, ಈಗ ತಿರುಚ್ಚಿ ನಗರದ ಒಂದು ಬಡಾವಣೆ. ನೇಯ್ಗೆಗೂ ಹೆಸರಾದ ಜಾಗ. ಅಲ್ಲಿ ಸುತ್ತುವ ಕೆಲಸಕ್ಕೆ ಹುಡುಗನಾಗಿದ್ದಾಗಲೇ ಕೂತ ಹಿರಿಯರೊಬ್ಬರ ಮುಂದೆ ನಾನೂ ಕೂತೆ. ಮಾತು ಕಡಿಮೆ. ತೊಡೆಯ ಮೇಲೆ ಹಲಗೆ, ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಎಲೆಯ ಕಟ್ಟು, ಒಂದು ಚೂರಿ, ಅಂಟಿನ ಬಟ್ಟಲು. ಎಲೆಯ ನಡುನರವನ್ನು ಉಗುರಲ್ಲಿ ಹಿಡಿದು ಸರ್ರನೆ ಎಳೆದರೆ ಎಡ ಹೋಳು, ಬಲ ಹೋಳು ಬೇರೆಯಾಗುತ್ತವೆ. ಎರಡನ್ನೂ ಬೇರೆ ಬೇರೆ ರಾಶಿಗೆ ಹಾಕಿದರು. ಯಾಕೆಂದು ಕೇಳಿದೆ. ಬಾಯಲ್ಲಿ ಹೇಳದೆ ಸುತ್ತಿ ತೋರಿಸಿದರು: ಎಡ ಹೋಳನ್ನು ಒಂದು ದಿಕ್ಕಿಗೆ, ಬಲ ಹೋಳನ್ನು ಅದರ ವಿರುದ್ಧ ದಿಕ್ಕಿಗೆ. ಎಲೆಯ ಸಣ್ಣ ನರಗಳು ಓರೆಯಾಗಿ ಸಾಗುತ್ತವೆ. ದಿಕ್ಕು ತಪ್ಪಿಸಿ ಸುತ್ತಿದರೆ ನರ ಉಬ್ಬಿ ನಿಂತು ಹೊದಿಕೆ ಒರಟಾಗುತ್ತದೆ, ಉರಿ ಓರೆಗೆ ತಿರುಗುತ್ತದೆ.

ಹೀಗೆ ಎರಡು ದಿಕ್ಕಿಗೂ ಸಲೀಸಾಗಿ ಓಡುವ ಕೈ ಬರಲು ವರ್ಷಗಳು ಬೇಕು. ಅವರದು ವೀಳ್ಯ ಮಡಿಸಿದಷ್ಟು ನಿರಾಯಾಸ. ಸುತ್ತಿದ್ದನ್ನು ಬೆರಳುಗಳ ನಡುವೆ ಒತ್ತುತ್ತ ಉದ್ದಕ್ಕೂ ತಡವಿದರು. ನಡುವೆ ಎಲ್ಲೋ ಗಂಟು ಸಿಕ್ಕಿತೇನೋ, ಮುಖ ಸಿಂಡರಿಸಿ ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಚೂರಿಯಿಂದ ಎರಡೂ ತುದಿ ಕಚಕ್ ಎನಿಸಿದರು. ಹವಾನಾ ಸಿಗಾರಿಗೆ ಒಂದು ತಲೆ ಮುಚ್ಚಿರುತ್ತದೆ, ಕತ್ತರಿಸಲು ಪುಟ್ಟ ಸಾಧನ ಬೇಕು. ಚುಟ್ಟಾಕ್ಕೆ ಆ ಠೀವಿ ಇಲ್ಲ. ಕಡ್ಡಿ ಗೀರಿದರೆ ಆಯಿತು.

ಹೆಸರು ತಿರುಚ್ಚಿಯದಾದರೂ ಎಲೆ ಹೆಚ್ಚಾಗಿ ದಿಂಡಿಗಲ್ ಸುತ್ತಿನದು. ಒಣಗಿಸಿದ ಎಲೆಯನ್ನು ಬೆಲ್ಲದ ನೀರಿನಂಥ ಸಿಹಿ ಪಾಕದಲ್ಲಿ ನೆನೆಸಿ ಹದಗೊಳಿಸುವುದು ಇಲ್ಲಿಯ ರೂಢಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗು ಹಡಗು ಮಾಲು ಹೊರಗೆ ಹೋಯಿತು. ಚರ್ಚಿಲ್‌ಗೂ ಇದೇ ಇಷ್ಟ ಎಂಬ ಮಾತು ಉರೈಯೂರಿನಲ್ಲಿ ತಪ್ಪದೆ ಕಿವಿಗೆ ಬೀಳುತ್ತದೆ. ಅವರು 1895ರಲ್ಲಿ ಕ್ಯೂಬಾಕ್ಕೆ ಹೋಗಿ ಬಂದವರು, ಮರುವರ್ಷ ಸೇನೆಯೊಂದಿಗೆ ಬೆಂಗಳೂರು ದಂಡಿನಲ್ಲಿ ಬಂದಿಳಿದವರು. ತಿರುಚ್ಚಿ ಅಲ್ಲಿಂದ ಒಂದು ರಾತ್ರಿಯ ದಾರಿ. ಆದರೆ ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಉಳಿದಿರುವುದು ಅವರ 13 ರೂಪಾಯಿ ಬಾಕಿ ಮಾತ್ರ, ಚುಟ್ಟಾದ ಸುದ್ದಿ ಇಲ್ಲ.

ರುಚಿಯ ಮಾತಿಗೆ ಬರೋಣ. ಅಗ್ಗದ ಸಿಗಾರುಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಹಚ್ಚುವ ಮೊದಲೇ ಒಮ್ಮೆ ಎಳೆಯುತ್ತಾರೆ. ಗಾಳಿ ಬಿಗಿಯಾಗಿ ಬಂದರೆ ಸುತ್ತು ಗಟ್ಟಿಯಾಯಿತು, ಸುಮ್ಮನೆ ಬಂದರೆ ಸಡಿಲ. ಬರ್ಮಾದ ಚುಟ್ಟಾಕ್ಕೆ ಹೊದಿಕೆ ಬೇರೆ ಮರದ ಎಲೆಯದು, ಬಾಯಿಗಿಡುವ ತುದಿಗೆ ಮೆಕ್ಕೆಜೋಳದ ಸಿಪ್ಪೆ, ಹೊಗೆ ಹಗುರ. ಇಟಲಿಯ ತೊಸ್ಕಾನೊ ಒಣಗಿ ಕಟ್ಟಿಗೆಯಂತಿರುತ್ತದೆ, ನಡುವೆ ಕತ್ತರಿಸಿ ಇಬ್ಬರು ಹಂಚಿಕೊಳ್ಳಬಹುದು, ಸುಟ್ಟ ಸೌದೆಯ ವಾಸನೆ. ಗೋದಾವರಿಯ ಲಂಕೆಗಳೆಂಬ ನಡುಗಡ್ಡೆಗಳ ಎಲೆಯ ಚುಟ್ಟಾ ಖಾರ. ತಿರುಚ್ಚಿಯದು ಮೊದಲು ತುಟಿಗೆ ಸಿಹಿ ತಗುಲಿಸಿ, ಅರ್ಧ ಉರಿಯುವ ಹೊತ್ತಿಗೆ ಗಂಟಲು ಹಿಡಿಯುವ ಘಾಟು. ಹವಾನಾದ ನಯ ಇದರಲ್ಲಿ ಹುಡುಕಿದರೆ ಸಿಗದು. ಒಂದೇ ಕಟ್ಟಿನ ಎರಡು ಕೂಡ ಒಂದೇ ಥರ ಉರಿಯುವುದಿಲ್ಲ. ಆದರೂ ಈ ನಾಲ್ಕರಲ್ಲಿ ನನ್ನ ಮತ ತಿರುಚ್ಚಿಗೇ.

ಬೂದಿಯ ಬಣ್ಣಕ್ಕೂ ಕಾರಣವಿದೆ. ಎಲೆಯಲ್ಲಿ ಸುಣ್ಣ, ಮೆಗ್ನೀಸಿಯಮ್ ಚೆನ್ನಾಗಿದ್ದರೆ ಬೂದಿ ಬೆಳ್ಳಗೆ. ಉಪ್ಪುನೀರು ಕುಡಿದು ಕ್ಲೋರೈಡ್ ಏರಿದ ಎಲೆ ಸರಿಯಾಗಿ ಉರಿಯದೆ ಕಪ್ಪು ಬೂದಿ ಬಿಡುತ್ತದೆ. ಹೋಮ್ಸ್ ಓದಿದ್ದು ಹೊಲದ ಮಣ್ಣನ್ನು, ನೀರನ್ನು ಅಂದರೂ ನಡೆದೀತು.

ಈಗ ಉರೈಯೂರಿನಲ್ಲಿ ಸುತ್ತುವ ಕೈಗಳು ತೀರ ಕಡಿಮೆ. ಸೇದಬೇಡಿ ಎನ್ನುವ ವೈದ್ಯರ ಮಾತಿಗೆ ಎದುರು ಹೇಳುವಂತಿಲ್ಲ. ಹೊಗೆ ಒಳಗೆಳೆಯದಿದ್ದರೂ ಬಾಯಿ ಕ್ಯಾನ್ಸರಿನ ಅಪಾಯ ಚುಟ್ಟಾಕ್ಕೆ ಅಂಟಿಕೊಂಡೇ ಇದೆ. ಜನ ಬಿಟ್ಟರೆ ಕಸುಬು ಸಾಯುವುದು ಸಹಜ. ನನ್ನ ತಕರಾರು ಬೇರೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ಒಪ್ಪಿತು. ನಮ್ಮ ಕರಾವಳಿಯ ಮನೆಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ನೆನೆದರೆ ಅದು ಅರ್ಥವಾಗುತ್ತದೆ. ಅದೇ ಸಭೆಯಲ್ಲಿ ಸಿಗಾರು, ಚುಟ್ಟಾಗಳಿಗೆ ಶೇ 40 ಎಂದು ನಿಗದಿಯಾಯಿತು. ಕ್ಯೂಬಾದಿಂದ ಬರುವ ಶ್ರೀಮಂತರ ಸಿಗಾರಿಗೂ ಉರೈಯೂರಿನ ಹಲಗೆಯ ಮೇಲೆ ಹುಟ್ಟುವ ಚುಟ್ಟಾಕ್ಕೂ ಒಂದೇ ತಕ್ಕಡಿ. ಬೀಡಿಯೂ ಕೈಕೆಲಸ, ಇದೂ ಕೈಕೆಲಸ; ಇದನ್ನು ಸುತ್ತುವವರು ದನಿ ಎತ್ತುವಷ್ಟು ಸಂಖ್ಯೆಯಲ್ಲಿ ಉಳಿದಿಲ್ಲ, ಅಷ್ಟೇ.