ಮಕ್ಕಳ ಮೆಚ್ಚಿನ ಆಟಗಾರ ಮತ್ತು ಮನೆಯ ಪಾಠ

ನಿಮ್ಮ ಮನೆಯಲ್ಲಿ ಹದಿಹರೆಯದ ಮಗನೋ ಮಗಳೋ ಇದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ನೀವು ನೂರು ಸಲ ಹೇಳಿದ ಮಾತು ಕಿವಿಗೆ ಬೀಳುವುದಿಲ್ಲ. ಆದರೆ ಮೆಚ್ಚಿನ ಆಟಗಾರ ಕೂದಲು ಕತ್ತರಿಸಿಕೊಂಡ ರೀತಿ, ವಿಕೆಟ್ ಬಿದ್ದಾಗ ಮುಷ್ಟಿ ಬಿಗಿದು ಕೂಗಿದ ರೀತಿ ಮರುದಿನವೇ ಮನೆಗೆ ಬಂದಿರುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಆಚೆಯ ಬಯಲಿನಲ್ಲಿ, ಮೊಳಕಾಲ್ಮುರಿನ ಮಗ್ಗದ ಕೇರಿಗಳಲ್ಲಿ ಸಂಜೆ ಆಡುವ ಹುಡುಗರನ್ನು ಐದು ನಿಮಿಷ ನಿಂತು ನೋಡಿ. ಬೌಲಿಂಗ್ ಯಾರದು, ಬೈಗುಳ ಯಾರದು ಎಂದು ಹೆಸರು ಹಿಡಿದು ಹೇಳಬಹುದು.

ಇದರಲ್ಲಿ ಅಚ್ಚರಿಯೇನೂ ಇಲ್ಲ. 1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು ಬಡಿಯುವುದನ್ನು ಚಿಕ್ಕ ಮಕ್ಕಳಿಗೆ ತೋರಿಸಿದರು. ಆಮೇಲೆ ಆ ಮಕ್ಕಳು ಗೊಂಬೆಯನ್ನು ಹಾಗೆಯೇ ಹೊಡೆದವು, ಅದೇ ಮಾತುಗಳನ್ನೂ ಆಡಿದವು. ಯಾರೂ ಹೇಳಿಕೊಟ್ಟಿರಲಿಲ್ಲ. ಹದಿಹರೆಯದಲ್ಲಿ ಇದರ ಜೊತೆಗೆ ಇನ್ನೊಂದು ಸೇರುತ್ತದೆ. ಮುಂದಾಲೋಚನೆ ಮಾಡುವ, ಆತುರಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಮೆಚ್ಚುಗೆ, ಗೆಲುವು, ಗೆಳೆಯರ ಶಹಬ್ಬಾಸ್‌ಗಿರಿಗೆ ಹಾತೊರೆಯುವ ಭಾಗವಾದರೋ ಅದಕ್ಕಿಂತ ಎಷ್ಟೋ ಮೊದಲೇ ಚುರುಕಾಗಿರುತ್ತದೆ. ಆದ್ದರಿಂದ ಈ ವಯಸ್ಸಿನಲ್ಲಿ ಉಪದೇಶಕ್ಕಿಂತ ಉದಾಹರಣೆಯೇ ಹೆಚ್ಚು ಕೆಲಸ ಮಾಡುತ್ತದೆ.

ಉಪದೇಶಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ ಬಿಡಿ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ತಾಯ್ತಂದೆಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಜೀವಿಗಳಲ್ಲಿ ದಯೆಯಿರಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅಶೋಕ ಸುಮಾರು 2,250 ವರ್ಷಗಳ ಹಿಂದೆಯೇ ಕೆತ್ತಿಸಿಟ್ಟಿದ್ದಾನೆ. ಆದರೆ ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋದ ಮಕ್ಕಳಿಗೆ ಬೆಟ್ಟ ಹತ್ತಿದ್ದು ನೆನಪಿರುತ್ತದೆ, ಬುತ್ತಿ ಉಂಡದ್ದು ನೆನಪಿರುತ್ತದೆ. ಬರಹದಲ್ಲಿ ಏನಿತ್ತು ಎಂದು ಕೇಳಿ ನೋಡಿ!

ಸೋತ ನಾಯಕನ ಕಥೆ

ಉದಾಹರಣೆ ಬೇಕೆಂದರೆ ಮೊದಲು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರಿಂದ ಆರಂಭಿಸಿ. 1980ರ ಫೆಬ್ರವರಿ, ಮುಂಬಯಿಯ ವಾಂಖೆಡೆ ಮೈದಾನ, ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವ ಟೆಸ್ಟ್. ಭಾರತದ ನಾಯಕ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸುತ್ತಿತ್ತು. ಬಾಬ್ ಟೇಲರ್ ಬ್ಯಾಟಿಗೆ ಚೆಂಡು ತಾಗಿತೆಂದು ಅಂಪೈರ್ ಔಟ್ ಕೊಟ್ಟರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ತಾಗಿಲ್ಲವೆಂದು ಖಚಿತವಾಗಿತ್ತು. ಅವರು ಟೇಲರ್‌ರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬಾಥಮ್ ಜೊತೆಯಾಟದಲ್ಲಿ 171 ರನ್ ಬಂತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ್ದೇ ಎರಡು ಟೆಸ್ಟ್, ಗೆದ್ದದ್ದು ಒಂದೂ ಇಲ್ಲ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಸೋಲಿನ ಭಾಗವನ್ನು ಮುಚ್ಚಿಡಬೇಡಿ. ಸತ್ಯವಂತನಿಗೆ ಕೊನೆಗೆ ಗೆಲುವೇ ಆಗುತ್ತದೆಂದು ನಾವು ಹೇಳಿದರೆ ಹದಿನೈದರ ಹುಡುಗ ನಂಬುವುದಿಲ್ಲ. ಅವನು ಲೋಕ ನೋಡುತ್ತಿದ್ದಾನೆ. ವಿಶ್ವನಾಥ್‌ಗೆ ಆ ದಿನ ನಷ್ಟವೇ ಆಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅನಂತರ ‘ನೀನಾಗಿದ್ದರೆ ಕರೆಸುತ್ತಿದ್ದೆಯಾ?’ ಎಂದಷ್ಟೇ ಕೇಳಿ ಸುಮ್ಮನಾಗಿ. ‘ಇಲ್ಲ’ ಎಂದರೂ ಬೈಯಬೇಡಿ. ಅವನು ಯೋಚಿಸಿ ಕೊಟ್ಟ ‘ಇಲ್ಲ’, ನಿಮ್ಮನ್ನು ಮೆಚ್ಚಿಸಲು ಹೇಳಿದ ‘ಹೌದು’ಗಿಂತ ಮೇಲು.

ಎರಡು ವರ್ಷ ಕಡಿಮೆ ಬರೆದುಕೊಡಿ

ಈಗ ವೈದ್ಯರ ಕೋಣೆಗೆ ಬರೋಣ. ನನ್ನಂಥ ಸಾಮಾನ್ಯ ವೈದ್ಯರ ಬಳಿಗೆ ಕೆಲವು ತಂದೆಯರು ಬರುವುದುಂಟು, ಜೊತೆಯಲ್ಲಿ ಮೀಸೆ ಮೂಡಿದ ಮಗ. ‘ಸಾರ್, ಹುಡುಗ ಚೆನ್ನಾಗಿ ಬೌಲಿಂಗ್ ಮಾಡ್ತಾನೆ. ವಯಸ್ಸು ಒಂದೆರಡು ವರ್ಷ ಕಮ್ಮಿ ಬರೆದುಕೊಟ್ರೆ ಹದಿನಾರರ ಒಳಗಿನ ಟೀಮಿಗೆ ಸೇರ್ಕೋತಾನೆ. ನಿಮ್ಮದೇನು ಹೋಗುತ್ತೆ?’ ಎಂದು ಅವರ ಬೇಡಿಕೆ. ‘ಯಜಮಾನ್ರೇ, ಆಗೋದಿಲ್ಲ’ ಎಂದರೆ ಬೇಸರ. ನಾನು ಆ ಹೊತ್ತಿನಲ್ಲಿ ನೋಡುವುದು ಮಗನ ಮುಖವನ್ನು. ಅವನು ನೆಲ ನೋಡುತ್ತಿರುತ್ತಾನೆ.

ವೈದ್ಯಕೀಯವಾಗಿ ಈ ಸುಳ್ಳು ಬಹುಕಾಲ ನಿಲ್ಲುವುದಿಲ್ಲ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದ್ವಸ್ಥಿಯ ಪಟ್ಟಿಗಳಿರುತ್ತವೆ. ಬೆಳವಣಿಗೆ ಮುಗಿಯುತ್ತ ಬಂದಂತೆ ಅವು ಬೆಸೆದುಕೊಳ್ಳುತ್ತವೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ನೋಡಿ ಎಲುಬಿನ ವಯಸ್ಸನ್ನು ಅಂದಾಜು ಮಾಡಬಹುದು. ನಮ್ಮ ಕ್ರಿಕೆಟ್ ಮಂಡಳಿ ಕಿರಿಯರ ಟೂರ್ನಿಗಳಿಗೆ ಈ ಪರೀಕ್ಷೆಯನ್ನೇ ಬಳಸುತ್ತ ಬಂದಿದೆ. ಜೊತೆಗೆ ಹದಿನೆಂಟರ ಹುಡುಗ ಹದಿನೈದರವರ ಮೇಲೆ ವೇಗದ ಚೆಂಡು ಎಸೆದರೆ ಚಿಕ್ಕವರಿಗೆ ಪೆಟ್ಟಾಗುವ ಅಪಾಯ ಬೇರೆ.

ಆದರೆ ಎಕ್ಸ್‌ರೇಗೆ ಕಾಣದ ಹಾನಿಯೇ ದೊಡ್ಡದು. 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದ ನಮ್ಮ ರಾಹುಲ್ ದ್ರಾವಿಡ್ ಇದೇ ವಿಷಯ ಎತ್ತಿಕೊಂಡರು. ಹೆತ್ತವರೂ ತರಬೇತುದಾರರೂ ಸುಳ್ಳು ಜನನ ಪತ್ರ ಮಾಡಿಸುವುದನ್ನು ಕಣ್ಣಾರೆ ಕಂಡ ಮಗು ಮೋಸ ಕಲಿಯದೆ ಇರುತ್ತದೆಯೇ, ಹದಿನಾಲ್ಕರಲ್ಲಿ ಮಾಡುವ ವಯಸ್ಸಿನ ಮೋಸಕ್ಕೂ ಇಪ್ಪತ್ತೈದರಲ್ಲಿ ಮಾಡುವ ಮ್ಯಾಚ್ ಫಿಕ್ಸಿಂಗ್‌ಗೂ ಏನು ವ್ಯತ್ಯಾಸ ಎಂಬರ್ಥದಲ್ಲಿ ಕೇಳಿದರು. ಮಗನಿಗೆ ದ್ರಾವಿಡ್ ಚಿತ್ರ ತಂದುಕೊಡುವ ತಂದೆ ಈ ಭಾಷಣವನ್ನೂ ಓದುವುದು ಒಳ್ಳೆಯದು. 1993ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ, ನಾನು ಆದರ್ಶ ವ್ಯಕ್ತಿಯಲ್ಲ, ಆ ಕೆಲಸ ಹೆತ್ತವರದು ಎಂದು ಜಾಹೀರಾತಿನಲ್ಲೇ ಹೇಳಿ ಗದ್ದಲ ಎಬ್ಬಿಸಿದ್ದ. ಒರಟು ಮಾತು, ಆದರೂ ಅದರಲ್ಲಿ ಸತ್ಯವಿದೆ.

ದ್ರಾವಿಡ್ ಕುರಿತ ಇನ್ನೊಂದು ಪ್ರಸಂಗವನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ. 2018ರಲ್ಲಿ ಹತ್ತೊಂಬತ್ತರ ಒಳಗಿನವರ ವಿಶ್ವಕಪ್ ಗೆದ್ದಾಗ ತರಬೇತುದಾರ ದ್ರಾವಿಡ್‌ಗೆ 50 ಲಕ್ಷ, ಉಳಿದ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಪ್ರಕಟವಾಯಿತು. ಎಲ್ಲರಿಗೂ ಸಮನಾಗಿರಲಿ ಎಂದು ಅವರು ಕೇಳಿಕೊಂಡ ಮೇಲೆ ಅವರೂ ಸೇರಿ ಎಲ್ಲರಿಗೂ 25 ಲಕ್ಷವಾಯಿತು.

ಹಾಗೆಂದು ಯಾರನ್ನೂ ದೇವರ ಮನೆಯಲ್ಲಿ ಕೂರಿಸಬೇಡಿ. 2004ರ ಜನವರಿಯಲ್ಲಿ ಬ್ರಿಸ್ಬೇನ್‌ನ ಪಂದ್ಯವೊಂದರಲ್ಲಿ ಬಾಯಲ್ಲಿದ್ದ ಕೆಮ್ಮಿನ ಗುಳಿಗೆಯನ್ನು ಚೆಂಡಿಗೆ ತಾಗಿಸಿದ್ದಕ್ಕೆ ಇದೇ ದ್ರಾವಿಡ್‌ಗೆ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಬಿದ್ದಿತ್ತು. ಇದನ್ನೂ ಹೇಳಿ. ನೀವು ಕೆಲಸವನ್ನು ಮೆಚ್ಚುವುದನ್ನು ಕಲಿಸಿದರೆ ಮುಂದೆ ವ್ಯಕ್ತಿ ಜಾರಿದಾಗ ಮಗು ಕುಸಿಯುವುದಿಲ್ಲ. ದೈವಭಕ್ತ, ಸಭ್ಯ ಎಂದು ಹೆಸರಾಗಿದ್ದ ದಕ್ಷಿಣ ಆಫ್ರಿಕದ ಹ್ಯಾನ್ಸಿ ಕ್ರೋನ್ಯೆ 2000ದಲ್ಲಿ ಫಿಕ್ಸಿಂಗ್ ಜಾಲದಲ್ಲಿ ಸಿಕ್ಕಿಬಿದ್ದಾಗ ಎಷ್ಟು ಮಕ್ಕಳು ಅತ್ತಿರಬಹುದು!

ದವಡೆಗೆ ಕಟ್ಟಿದ ಪಟ್ಟಿ

ಒಂದು ಕಥೆಯ ವಿಷಯದಲ್ಲಿ ಮಾತ್ರ ವೈದ್ಯನಾಗಿ ನನಗೆ ಅಳುಕಿದೆ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಚೆಂಡು ಬಡಿದು ದವಡೆ ಮುರಿದರೂ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಬಂದು 14 ಓವರ್ ಬೌಲಿಂಗ್ ಮಾಡಿದರು, ಬ್ರಯಾನ್ ಲಾರಾ ವಿಕೆಟ್ ಪಡೆದರು. ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಇದರಿಂದ ‘ನೋವಿದ್ದರೂ ಆಡಬೇಕು’ ಎಂಬ ಪಾಠ ಕಲಿತ ಹುಡುಗರು ಮೊಣಕಾಲು ಊದಿಸಿಕೊಂಡು ಕಬಡ್ಡಿ ಆಡುತ್ತಾರೆ, ತಲೆಗೆ ಪೆಟ್ಟು ಬಿದ್ದದ್ದನ್ನು ಮನೆಯಲ್ಲಿ ಬಚ್ಚಿಡುತ್ತಾರೆ. ಕುಂಬ್ಳೆ ಬೆಳೆದ ಮನುಷ್ಯ, ಪಕ್ಕದಲ್ಲಿ ತಂಡದ ಚಿಕಿತ್ಸಕರಿದ್ದರು, ಅನಂತರ ನೇರವಾಗಿ ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈ ಕೊನೆಯ ಭಾಗವನ್ನು ಬಿಟ್ಟು ಕಥೆ ಹೇಳಬೇಡಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ತಡವರಿಸುವ ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇವು ಯಾವುವೂ ಇಲ್ಲದಿದ್ದರೂ ಅಂದು ಮತ್ತೆ ಮೈದಾನಕ್ಕೆ ಇಳಿಸಬೇಡಿ.

ಆಟಗಾರರ ‘ಮೈಕಟ್ಟು’ ನೋಡಿ ಜಿಮ್‌ನಲ್ಲಿ ಯಾರೋ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದಿಗೆ ಕೈ ಚಾಚುವ ಹುಡುಗರದು ಇನ್ನೊಂದು ಚಿಂತೆ. ಮೊಡವೆ, ವೃಷಣ ಕುಗ್ಗುವುದು, ಎದೆ ಊದುವುದು, ಯಕೃತ್ತು ಮತ್ತು ಹೃದಯಕ್ಕೆ ಹಾನಿ. ಎಳೆಯರಲ್ಲಿ ಎತ್ತರವೇ ನಿಂತುಹೋಗಬಹುದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಗೆದ್ದು ಚಿನ್ನ ಕಳೆದುಕೊಂಡ ಬೆನ್ ಜಾನ್ಸನ್ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಜಾಹೀರಾತಿನ ನಡುವೆ

ಪಂದ್ಯದ ನಡುವೆ ಬರುವ ಜಾಹೀರಾತುಗಳೂ ಪಾಠವೇ. ಗುಟ್ಕಾ ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು. ಆದರೂ ಏಲಕ್ಕಿಯ ಹೆಸರಿನಲ್ಲಿ ಪಾನ್ ಮಸಾಲೆ ಕಂಪನಿಗಳ ಹೆಸರು ಟಿ.ವಿ.ಯಲ್ಲಿ ಮೆರೆದದ್ದನ್ನು ಕಂಡಿದ್ದೇವೆ, ಅದರಲ್ಲಿ ಹೆಸರಾಂತ ಮಾಜಿ ಆಟಗಾರರನ್ನೂ ಕಂಡಿದ್ದೇವೆ. ಅಡಿಕೆ ಮಸಾಲೆ ಜಗಿದು ಜಗಿದು ಬಾಯಿಯೊಳಗಿನ ಪದರ ಬಿಗಿದು, ಎರಡು ಬೆರಳೂ ತೂರದಷ್ಟು ಬಾಯಿ ಮುಚ್ಚಿಕೊಂಡ ಇಪ್ಪತ್ತರ ಹುಡುಗನನ್ನು ನೋಡಿದವರಿಗೆ ಆ ಜಾಹೀರಾತು ನೋಡಿ ನಗು ಬರುವುದಿಲ್ಲ. ಇದು ಬಾಯಿಯ ಕ್ಯಾನ್ಸರ್‌ಗೂ ದಾರಿಯಾಗಬಲ್ಲದು.

ಇದಕ್ಕೆ ಎದುರಾಗಿ ಇನ್ನಿಬ್ಬರನ್ನು ತೋರಿಸಿ. ತಂದೆಗೆ ಕೊಟ್ಟ ಮಾತಿನಂತೆ ಸಚಿನ್ ತೆಂಡೂಲ್ಕರ್ ತಂಬಾಕಿನ ಜಾಹೀರಾತಿಗೆ ಒಪ್ಪಲಿಲ್ಲ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪುಲ್ಲೇಲ ಗೋಪಿಚಂದ್, ತಾನು ಕುಡಿಯದ ತಂಪು ಪಾನೀಯವನ್ನು ಮಕ್ಕಳಿಗೆ ಕುಡಿಯಿರೆಂದು ಹೇಳಲಾರೆನೆಂದು ಕೋಲಾ ಕಂಪನಿಯನ್ನು ಹಿಂದಕ್ಕೆ ಕಳಿಸಿದರು. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು ಎಂಟು ಚಹಾ ಚಮಚ ಸಕ್ಕರೆ ಇರುತ್ತದೆ. ಗಡಿಯಾಚೆಯ ರಾಯದುರ್ಗದಿಂದ ಸೊಸೆಯಂದಿರನ್ನು ತಂದುಕೊಂಡ ನಮ್ಮ ತೆಲುಗು ಮಾತಾಡುವ ಮನೆಗಳಲ್ಲಿ ಗೋಪಿಚಂದ್ ಹೆಸರು ಹೇಳಿದರೆ ಕಿವಿ ನೆಟ್ಟಗಾಗುತ್ತದೆ ಎಂಬುದು ನಾನು ಕಂಡ ಮಾತು. ಮಗನಿಗೆ ಇದನ್ನು ಹೇಳುವ ಮುನ್ನ ಅವನನ್ನೇ ಅಂಗಡಿಗೆ ಅಟ್ಟಿ ಬೀಡಿ, ಗುಟ್ಕಾ ತರಿಸುವುದನ್ನು ಮಾತ್ರ ನಿಲ್ಲಿಸಿ.

ಇಷ್ಟು ಹೊತ್ತೂ ಹುಡುಗರ ಮಾತೇ ಆಯಿತು. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಶಾಂತಾ ರಂಗಸ್ವಾಮಿ ಅವರ ಹೆಸರು ಹೇಳಿ. 1976ರಲ್ಲಿ ಭಾರತದ ವನಿತೆಯರ ಮೊದಲ ಟೆಸ್ಟ್ ತಂಡವನ್ನು ಮುನ್ನಡೆಸಿದವರು, ಅದೇ ವರ್ಷ ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿ. ಕಡೂರಿನಂಥ ಚಿಕ್ಕ ಊರಿನಿಂದ ಹೊರಟ ವೇದಾ ಕೃಷ್ಣಮೂರ್ತಿ ಭಾರತಕ್ಕೆ ಆಡಿದರು. ಪಂದ್ಯ ನಡೆಯುವಾಗ ಮಗ ಟಿ.ವಿ. ಮುಂದೆ, ಮಗಳು ಒಲೆ ಮುಂದೆ ಎಂಬ ಏರ್ಪಾಡು ಎಷ್ಟೋ ಮನೆಗಳಲ್ಲಿದೆ. ಮುಂದಿನ ಪಂದ್ಯದ ದಿನ ಅವಳೂ ಚಾಪೆಯ ಮೇಲೆ ಬಂದು ಕೂರಲಿ. ಮುದ್ದೆ ತಿರುವುವುದನ್ನು ಮಗನೂ ಕಲಿಯಬಹುದು.